ಸಿಂದರ ರಾಜಧಾನಿ ಕುರುಗೋಡು

ಬಳ್ಳಾರಿ ಜಿಲ್ಲೆಯ ಪ್ರಾಚೀನ ರಾಜಧಾನಿ ಯಾವುದೆಂದು ಕೇಳಿದರೆ ಹಂಪೆಯೆಂಬ ಉತ್ತರವೇ ಬಹುಕಾಲ ಬರುತ್ತಿದ್ದಿತು. 2021ರಲ್ಲಿ ವಿಜಯನಗರ ಜಿಲ್ಲೆಯು ಪ್ರತ್ಯೇಕವಾಗಿ, ಹೊಸಪೇಟೆಯೊಡನೆ ಹಂಪೆಯೂ ಅದಕ್ಕೆ ಸೇರಿದ ಬಳಿಕ ಈ ಉತ್ತರವು ಸಲ್ಲದಾಯಿತು. ಬಳ್ಳಾರಿಯ ಪಾಲಿಗೆ ಉಳಿದವು ಕಂಪಿಲಿ, ಕುರುಗೋಡುಗಳು. ಕಂಪಿಲಿಯ ಹೆಸರನ್ನು ಕುಮಾರರಾಮನ ಕಥೆಯು ಜನರ ಬಾಯಲ್ಲಿಯೂ ಕಾವ್ಯದಲ್ಲಿಯೂ ಉಳಿಸಿಕೊಂಡಿದೆ. ಕುರುಗೋಡಿಗಾದರೋ ಅಂತಹ ಕಥಾನಾಯಕನು ದೊರೆಯಲಿಲ್ಲ. ಆ ಊರಿನ ಕೀರ್ತಿಯು ಶಾಸನಗಳಲ್ಲಿ ಮಾತ್ರ ಅಡಗಿದೆ. ಬಳ್ಳಾರಿಗೆ ವಾಯವ್ಯದಲ್ಲಿ, ಮೋಕದಿಂದ ಪಡುವಲಿಗೆ ಹೊರಟವರಿಗೆ ಬಯಲಿನ ಎರೆಭೂಮಿಯ ಆಚೆ ಕಾಣುವ ಬಂಡೆಗಲ್ಲಿನ ಬೆಟ್ಟಗಳ ಬುಡದಲ್ಲಿ ಈ ಊರಿದೆ.

ತುಂಗಭದ್ರೆ, ಹಗರಿಗಳ ಆಸರೆಯ ಈ ಸೀಮೆಯ ಪ್ರಾಚೀನತೆಯನ್ನು ಕುರಿತು ಇಲ್ಲಿ ವಿಸ್ತರಿಸುವುದಿಲ್ಲ. ಸಂಗನಕಲ್ಲು, ತೆಕ್ಕಲಕೋಟೆಗಳಲ್ಲಿ ನವಶಿಲಾಯುಗದ ಜನರ ನೆಲೆಗಳು ದೊರೆತಿವೆ. ನಿಟ್ಟೂರು, ಉದೆಗೊಳಗಳ ಬಂಡೆಗಳಲ್ಲಿ ಅಶೋಕನ ಧರ್ಮಲಿಪಿಗಳು ಅವನ ಹೆಸರಿನೊಡನೆಯೇ ಕಂಡುಬಂದಿವೆ. ಪ್ರಕೃತ ವಿಷಯವು ಅದಕ್ಕೆ ಸಾವಿರದ ನಾನೂರು ವರ್ಷಗಳಷ್ಟು ಈಚಿನದು.

ಕಲ್ಯಾಣದ ಚಾಳುಕ್ಯರ ಅಧೀನದಲ್ಲಿ ಸಿಂದವಂಶದವರು ಹಲವು ಶಾಖೆಗಳಾಗಿ ಆಳಿದರು. ಬಾಗಡಗೆಯಲ್ಲಿ ಒಂದು, ಎರಂಬರಗೆಯಲ್ಲಿ ಒಂದು, ಬೆಳಗುತ್ತಿಯಲ್ಲಿ ಒಂದು. ಬಲ್ಲಕುಂದೆ ಮುನ್ನೂರನ್ನು ಆಳಿದ ಶಾಖೆಯು ಕುರುಗೋಡಿನಲ್ಲಿ ನೆಲಸಿತು. ಇವರು ನಾಗವಂಶೀಯರೆಂದು ಹೇಳಿಕೊಳ್ಳುತ್ತಿದ್ದರು. ಪಾತಾಳದಿಂದ ಭೂಮಿಯನ್ನು ನೋಡಬಂದ ಧರಣೇಂದ್ರನಿಗೆ ಅಹಿಚ್ಛತ್ರದಲ್ಲಿ ಹುಟ್ಟಿದ ಮಗನು ಹುಲಿಯ ಹಾಲನ್ನು ಕುಡಿದು ಬೆಳೆದನೆಂದು ಭೈರನಮಟ್ಟಿಯ ಶಾಸನವು ಹೇಳುತ್ತದೆ. ಇದನ್ನು ಕಟ್ಟುಕಥೆಯೆಂದು ತಳ್ಳಿಬಿಡುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ವಂಶದ ಲಾಂಛನವು ವ್ಯಾಘ್ರವಾಗಿಯೂ ಪತಾಕೆಯು ಫಣಿಯಾಗಿಯೂ ಇದ್ದಾಗ ಎರಡಕ್ಕೂ ಸಮಾಧಾನ ಹೇಳಬೇಕಾದ ಆಸ್ಥಾನಕವಿಯು ಇದಕ್ಕಿಂತ ಅಚ್ಚುಕಟ್ಟಾದ ಕಥೆಯನ್ನು ಹೇಗೆ ತಾನೆ ಕಟ್ಟಿಯಾನು? ಕಥೆಯಿಂದ ಸಿಂದರ ಉತ್ಪತ್ತಿಯು ತಿಳಿಯದು, ನಿಜ. ತಮ್ಮನ್ನು ಹೇಗೆ ತಿಳಿಯಬೇಕೆಂದು ಅವರು ಬಯಸಿದರೋ ಅದು ತಿಳಿಯುತ್ತದೆ.

ಇನ್ನು ಊರಿನ ಹೆಸರು. ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದ ನಾನು ಯೌವನದಲ್ಲಿ ಈ ಹೆಸರನ್ನು ಕುರುವಂಶಕ್ಕೆ ಗಂಟುಹಾಕುತ್ತಿದ್ದೆನು. ನಮ್ಮವರಿಗೆ ಯಾವ ಊರಿನ ಹೆಸರು ಕಂಡರೂ ಭಾರತದಲ್ಲಿಯೋ ರಾಮಾಯಣದಲ್ಲಿಯೋ ಅದಕ್ಕೊಂದು ಬೇರನ್ನು ಹುಡುಕುವ ಚಪಲವುಂಟು. ವಿಚಾರಮಾಡಿದರೆ ಇದು ನಿಲ್ಲುವುದಿಲ್ಲ. ಉತ್ತರಪದವು 'ಕೋಡು', ಅಂದರೆ ಶಿಖರ, ಇದು ಅಚ್ಚಗನ್ನಡ. ಸಮಾಸದಲ್ಲಿ ಉತ್ತರಪದದ ಮೊದಲ ಕಕಾರಕ್ಕೆ ಗಕಾರವು ಆದೇಶವಾಗಿ ಬರುವುದು ಶಬ್ದಮಣಿದರ್ಪಣವನ್ನು ಪಾಠಹೇಳುವ ಅಧ್ಯಾಪಕರಿಗೆಲ್ಲ ವಿದಿತವೇ ಆಗಿದೆ. ಪೂರ್ವಪದವು ಸಂಸ್ಕೃತದ ಕುರುಶಬ್ದವೆಂದರೆ ಅರಿಸಮಾಸವಾಗುವುದು. ಬಿರುದುಗಳಲ್ಲಿಯೂ ಪೂರ್ವಪ್ರಯೋಗಗಳಲ್ಲಿಯೂ ಕೇಶಿರಾಜನು ಅದನ್ನು ಒಪ್ಪಿದ್ದರೂ, ಬೆಟ್ಟದ ಬುಡದ ಹಳ್ಳಿಯವರು ತಮ್ಮ ಊರಿಗೆ ಹೆಸರಿಡುವಾಗ ಅಂತಹ ವಿನಾಯಿತಿಯನ್ನು ಬಯಸಿದರೆಂದು ಊಹಿಸಲು ಕಾರಣವಿಲ್ಲ. ಕುರುಚಲು ಗಿಡ ಎಂಬಲ್ಲಿ ಇಂದಿಗೂ ಉಳಿದಿರುವ, ಗಿಡ್ಡ ಎಂಬರ್ಥದ ಕನ್ನಡ ಶಬ್ದವೇ ಪೂರ್ವಪದವೆಂದು ತಿಳಿದು, ಗಿಡ್ಡಕೋಡಿನ ಊರೆಂದು ಅರ್ಥಮಾಡುವುದು ಸಮಂಜಸವಾಗಿ ತೋರುತ್ತದೆ. ಊರನ್ನು ಕಣ್ಣಾರೆ ಕಂಡವರಿಗೆ ಈ ಅರ್ಥವು ಕ್ಲಿಷ್ಟವೆನಿಸದು.

ಕುರುಗೋಡನ್ನು ರಾಜಧಾನಿಯೆನ್ನುವುದು ಅತಿಶಯೋಕ್ತಿಯೆಂದೂ, ಮುನ್ನೂರು ಹಳ್ಳಿಗಳ ಮಾಂಡಲಿಕನ ಬೀಡಿಗೆ ಅಷ್ಟು ದೊಡ್ಡ ಹೆಸರು ಬೇಡವೆಂದೂ ಮಿತ್ರರೊಬ್ಬರು ನನ್ನೊಡನೆ ವಾದಿಸಿದರು. ನಾಡಿನ ಹೆಸರಿನ ಮುಂದಣ ಸಂಖ್ಯೆಯು ಹಳ್ಳಿಗಳ ಎಣಿಕೆಯೇ ಎಂಬುದು ಇನ್ನೂ ವಿವಾದಗ್ರಸ್ತವಾದ ವಿಷಯ, ಅದು ಹಾಗಿರಲಿ. ಶತ್ರುವಿನ ಸಾಕ್ಷ್ಯವನ್ನು ನೋಡೋಣ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಚಾಳುಕ್ಯರ ಪ್ರಭುತ್ವವು ಕುಸಿದು, ಅವರ ರಾಜ್ಯಕ್ಕಾಗಿ ಸೇವುಣರೂ ಹೊಯ್ಸಳರೂ ಕಾದಾಡುತ್ತಿದ್ದಾಗ, ಇಮ್ಮಡಿ ವೀರಬಲ್ಲಾಳನು ಗೆದ್ದ ದುರ್ಗಗಳನ್ನು ಹೊಯ್ಸಳ ಶಾಸನಗಳು ಎಣಿಸುತ್ತವೆ. ಎರಂಬರಗೆ, ಗುತ್ತಿ, ಸೊರಟೂರುಗಳ ಸಾಲಿನಲ್ಲಿಯೇ ಕುರುಗೋಡೂ ಬರುತ್ತದೆ. ಗೆದ್ದವನು ತನ್ನ ಬಿರುದಿಗೆ ಭೂಷಣವೆಂದು ಭಾವಿಸಿದ ಕೋಟೆಯನ್ನು ನಾವು ಹಳ್ಳಿಯೆಂದು ಹೀಗಳೆಯುವುದು ಯುಕ್ತವಲ್ಲ. ಅಲ್ಲದೆ ಇಲ್ಲಿಯ ಸಿಂದರು, ಅವರಲ್ಲಿ ರಾಚಮಲ್ಲನ ಹೆಸರಿನವರು, ನೆಲಸಿ ದಾನಗಳನ್ನು ಬರೆಯಿಸಿದ್ದು ಈ ಊರಿನಲ್ಲಿಯೇ. ಬಾರ್ನೆಟ್ ಪಂಡಿತರು ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದ ಕುರುಗೋಡಿನ ಶಾಸನಗಳನ್ನು ಓದಿದವರಿಗೆ ಸಂದೇಹವುಳಿಯಲಾರದು. ಅವುಗಳ ಕನ್ನಡ ಪದ್ಯಭಾಗವನ್ನು ಚಾರಿತ್ರಕ ಸಾಮಗ್ರಿಯೆಂದು ಮಾತ್ರ ಎಣಿಸದೆ, ಚಂಪೂಕಾವ್ಯದೊಡನೆ ಇಟ್ಟು ತರಗತಿಗಳಲ್ಲಿ ಪಾಠಹೇಳಬೇಕೆಂದು ನನ್ನ ಬಹುದಿನದ ಅಪೇಕ್ಷೆ.

ಬೆಟ್ಟದ ತಪ್ಪಲಿನಲ್ಲಿ ಆ ಕಾಲದ ಶೈಲಿಯ ಗುಡಿಗಳಿವೆ. ಲಕ್ಕುಂಡಿಯ ಕೆತ್ತನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ನಿರಾಶೆಯಾಗಬಹುದು. ಇಲ್ಲಿಯ ಭಿತ್ತಿಗಳು ಬಹುಮಟ್ಟಿಗೆ ಸಾದಾ. ಆದರೆ ಅವುಗಳ ಗಾಂಭೀರ್ಯವು ಬೇರೆ. ಊರಿನ ಜನರಿಗೆ ಮುಖ್ಯವಾದುದು ದೊಡ್ಡಬಸವೇಶ್ವರ. ಸುಮಾರು 12 ಅಡಿ ಎತ್ತರದ ಈ ಏಕಶಿಲಾ ವೃಷಭನು ಇಲ್ಲಿ ಶಿವನ ವಾಹನವಲ್ಲ, ಸ್ವತಃ ಗರ್ಭಗುಡಿಯ ಒಡೆಯ. ಹುಲಿ ಹಾವುಗಳ ಲಾಂಛನದ ಅರಸರು ಮರೆತುಹೋದರು. ಫಾಲ್ಗುಣದಲ್ಲಿ ಬಸವನ ತೇರು ಮಾತ್ರ ತಪ್ಪದೆ ಎಳೆಯಲ್ಪಡುತ್ತದೆ.

ವಿಜಯನಗರದ ಕಾಲವನ್ನೂ ಪಾಳೆಯಗಾರರ ಕಾಲವನ್ನೂ ದಾಟಿ, 1800ರಲ್ಲಿ ಈ ಸೀಮೆಯು ದತ್ತಮಂಡಲವಾಗಿ ಕುಂಪಣಿಗೆ ಸೇರಿತು. 1953ರ ಅಕ್ಟೋಬರ್ 1ರಂದು ಮದರಾಸಿನಿಂದ ಬಿಡುಗಡೆಯಾಗಿ ಮೈಸೂರಿಗೆ ಬಂದಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರದ ಪಾಲಾದುದರಿಂದ ಮೋಕದ ಕಡೆಯ ಹಳ್ಳಿಗಳು ಗಡಿಯ ಹಳ್ಳಿಗಳಾದವು. ತುಂಗಭದ್ರಾ ಕಾಲುವೆಯು ಬಂದ ಮೇಲೆ ಮಳೆಯನ್ನೇ ನಂಬಿದ್ದ ಎರೆಹೊಲಗಳಲ್ಲಿ ಬತ್ತ, ಮೆಣಸಿನಕಾಯಿಗಳು ಬೆಳೆಯತೊಡಗಿದವು. ಕುರುಗೋಡು ಈಚೆಗೆ ತಾಲೂಕಿನ ಕೇಂದ್ರವೂ ಆಗಿದೆ. ಎಂಟು ಶತಮಾನಗಳ ಹಿಂದೆ ಬಲ್ಲಕುಂದೆ ನಾಡಿನವರು ತಮ್ಮ ದೂರುಗಳನ್ನು ಹೊತ್ತು ಬರುತ್ತಿದ್ದ ಊರಿಗೆ ಇಂದು ಪಹಣಿಗಾಗಿ ರೈತರು ಬರುತ್ತಾರೆ.

ಆದರೆ ಕಾಲುವೆಯ ಸಂಪತ್ತು ಶಿಲೆಗಳಿಗೆ ಶುಭವನ್ನು ತಂದಿಲ್ಲ. ಹಣ ಬಂದಂತೆ ಗುಡಿಗಳ ಜೀರ್ಣೋದ್ಧಾರವೂ ಹೆಚ್ಚಿತು. ಕಳೆದ ವರ್ಷ ಮೋಕದ ಸಮೀಪದ ಒಂದು ಹಳ್ಳಿಯಲ್ಲಿ, ನಾನು ಹಿಂದೊಮ್ಮೆ ಕಂಡಿದ್ದ ಶಾಸನದ ಕಲ್ಲನ್ನು ಹುಡುಕುತ್ತ ಹೋದೆನು. ಗುಡಿಯ ಹಿರಿಯರು ಬಹು ಆದರದಿಂದ ಬರಮಾಡಿಕೊಂಡು, "ಬರ್‍ರಿ ಸ್ವಾಮೇರ, ಕಲ್ಲು ಎಲ್ಲೂ ಹೋಗಿಲ್ಲ, ಇಲ್ಲೇ ಐತ್ರಿ" ಎಂದು ಹೊಸ ಮೆಟ್ಟಿಲುಗಳನ್ನು ತೋರಿಸಿದರು. ಮೂರನೆಯ ಮೆಟ್ಟಿಲು ಅದು. ಅಕ್ಷರದ ಮುಖವು ಕೆಳಗಾಗಿದ್ದಿತು. ಮೊದಲು ಬಂದಾಗ ನಾನು ಅದರ ಮೊದಲ ನಾಲ್ಕು ಪಂಕ್ತಿಗಳನ್ನು ಮಾತ್ರ ಬರೆದುಕೊಂಡಿದ್ದೆನು. ಅಂದು ಬಿಸಿಲು ಹೆಚ್ಚಾಗಿದ್ದಿತೆಂದು, ಉಳಿದುದನ್ನು ಮತ್ತೊಮ್ಮೆ ಬಂದಾಗ ನೋಡಿದರಾಯಿತೆಂದು ಎದ್ದು ಬಂದಿದ್ದೆನು.