ತೂಕಕ್ಕೆ ಹೋದ ಪ್ಲಾಸ್ಟಿಕ್ ಆನೆಗಳು

ಹಳೆಯ ಪ್ಲಾಸ್ಟಿಕ್ ಆನೆ, ಸಿಂಹ, ಸಿಪಾಯಿಗಳನ್ನು ಹುಡುಕಿ ಕೂಡಿಡುವ ಹವ್ಯಾಸ ಇಂಗ್ಲೆಂಡಿನಲ್ಲಿ ಬೆಳೆದದ್ದರ ಹಿಂದೆ ದತ್ತಿ ಅಂಗಡಿಗಳಿವೆ. ಆಕ್ಸ್‌ಫ್ಯಾಮ್ ಸಂಸ್ಥೆ 1940ರ ದಶಕದ ಕೊನೆಯಲ್ಲಿ ಆಕ್ಸ್‌ಫರ್ಡಿನ ಬ್ರಾಡ್ ಸ್ಟ್ರೀಟಿನಲ್ಲಿ ತೆರೆದ ಅಂಗಡಿಯ ಮಾದರಿ ಮುಂದೆ ಊರೂರಿಗೂ ಹಬ್ಬಿತು. ಜನ ಬೇಡವಾದದ್ದನ್ನು ಪುಕ್ಕಟೆ ಕೊಡುತ್ತಾರೆ, ಅಂಗಡಿಯವರು ಅಗ್ಗಕ್ಕೆ ಮಾರುತ್ತಾರೆ, ಬಂದ ಹಣ ಸೇವೆಗೆ ಹೋಗುತ್ತದೆ. ಮಧ್ಯ ಕರ್ನಾಟಕದ ದಾವಣಗೆರೆ, ಹರಿಹರಗಳಿಗೂ ಪ್ಲಾಸ್ಟಿಕ್ ಪ್ರಾಣಿಗಳು ಬಂದವು, ಮಕ್ಕಳ ಕೈಯಲ್ಲಿ ಸವೆದವು, ಮನೆಯಿಂದ ಹೊರಬಿದ್ದವು. ಆದರೆ ಅವನ್ನು ಹುಡುಕಿಕೊಂಡು ಹೋಗುವವರು ಹುಟ್ಟಿಕೊಳ್ಳಲಿಲ್ಲ. ಕಾರಣ ಜನರ ಅನಾಸಕ್ತಿಯಲ್ಲ. ಬೇಡವಾದ ಆಟಿಕೆ ಬಿಡಿಯಾಗಿ, ಮತ್ತೊಬ್ಬರ ಕಣ್ಣಿಗೆ ಬೀಳುವವರೆಗೆ ಕಾದು ಕೂರುವ ಜಾಗ ಇಲ್ಲಿ ಇರಲಿಲ್ಲ. ಇಲ್ಲಿ ಹಳೆಯ ವಸ್ತು ನಂಟಿನ ಮೇಲೆ ಕೈ ಬದಲಿಸುತ್ತಿತ್ತು, ಇಲ್ಲವೇ ತೂಕದ ಮೇಲೆ.

ಈ ಸೀಮೆಯಲ್ಲಿ ಪ್ರಾಣಿ ಗೊಂಬೆ ಪ್ಲಾಸ್ಟಿಕ್‌ಗಿಂತ ಬಹಳ ಹಿಂದಿನದು. ಕಾರಹುಣ್ಣಿಮೆ ಕಳೆದು ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲೂ ಜೋಡೆತ್ತು ಬೇಕು. ಕುಂಬಾರರಿಂದ ತಂದೋ ಮನೆಯಲ್ಲೇ ಮೆತ್ತಿಯೋ ಮಾಡಿದ ಎತ್ತುಗಳಿಗೆ ಪೂಜೆ ನಡೆಯುತ್ತದೆ. ಆಮೇಲೆ ಅವು ಹೊಲಕ್ಕೋ ನೀರಿಗೋ ಸೇರುತ್ತವೆ. ಮುಂದಿನ ವರ್ಷಕ್ಕೆ ಹೊಸ ಮಣ್ಣು, ಹೊಸ ಎತ್ತು. ಗೊಂಬೆ ಕರಗಿದರೂ ಪದ್ಧತಿ ಉಳಿಯುತ್ತದೆ ಎಂಬುದು ಇದರ ಲೆಕ್ಕ. ಕರಗದ ಪ್ಲಾಸ್ಟಿಕ್ ಬಂದಾಗ ಅದನ್ನು ಏನು ಮಾಡಬೇಕೆಂದು ಹೇಳುವ ಪದ್ಧತಿ ಇರಲಿಲ್ಲ.

ಬಡತನವೇ ಕಾರಣ, ಕೂಡಿಡುವಷ್ಟು ಆಟಿಕೆ ಯಾರ ಬಳಿಯಿತ್ತು ಎಂದು ಕೇಳಬಹುದು. ಬಹಳಷ್ಟು ಮನೆಗಳ ಮಟ್ಟಿಗೆ ಇದು ನಿಜ. ಆದರೆ ದಾವಣಗೆರೆ, ಹರಿಹರ ಎರಡೂ ಸಂಬಳದ ಊರುಗಳಾಗಿದ್ದವು ಎಂಬುದನ್ನು ಮರೆಯಬಾರದು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ತಂದದ್ದು ಹತ್ತಿ ಗಿರಣಿಗಳು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನು ಮಾಡುತ್ತಿತ್ತು. ಹೊಳೆಯಾಚೆ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಬಂತು. ತಿಂಗಳ ಸಾಮಾನಿನ ಚೀಟಿಯಲ್ಲಿ ಟೂತ್‌ಪೇಸ್ಟ್ ಸೇರುತ್ತಿದ್ದುದು ಇಂಥ ಮನೆಗಳಲ್ಲೇ. ರೇಡಿಯೊ ಸಿಲೋನಿನಲ್ಲಿ 1952ರಿಂದ ಬರುತ್ತಿದ್ದ ಗೀತಮಾಲಾ ಹಾಡಿನ ಕಾರ್ಯಕ್ರಮದಿಂದ ಮನೆಮಾತಾದ ಬಿನಾಕಾ, ಪೇಸ್ಟಿನ ಡಬ್ಬಿಯೊಳಗೆ ಹೆಬ್ಬೆರಳ ತುದಿಯಷ್ಟು ದೊಡ್ಡ ಪ್ಲಾಸ್ಟಿಕ್ ಪ್ರಾಣಿಯೊಂದನ್ನು ಇಡುತ್ತಿತ್ತು. ಯಾವ ಪ್ರಾಣಿ ಬರುವುದೋ ಡಬ್ಬಿ ಬಿಚ್ಚುವವರೆಗೆ ತಿಳಿಯದು. ಎರಡು ಜಿರಾಫೆ ಬಂದವನು ಒಂದನ್ನು ಕೊಟ್ಟು ಒಂಟೆ ಪಡೆಯಬೇಕು. ದೇಶದುದ್ದಕ್ಕೂ ಮಕ್ಕಳು ಇವನ್ನು ಜೋಡಿಸಿಟ್ಟರು, ಅದಲುಬದಲು ಮಾಡಿದರು. ಬಿಡಿ ಗೊಂಬೆಗೆ ಬೆಲೆ ಕಟ್ಟುವ ಬುದ್ಧಿ ಇಲ್ಲಿನ ಮಕ್ಕಳಿಗೆ ಇತ್ತು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಬಿನಾಕಾ ಕೊಳ್ಳದ ಮನೆಗಳಿಗೂ ಜಾತ್ರೆಯಿತ್ತು: ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದುರ್ಗಾಂಬಿಕಾ ಜಾತ್ರೆ, ಹರಿಹರದಲ್ಲಿ ಹರಿಹರೇಶ್ವರನ ತೇರು. ಅಲ್ಲಿ ಸಿಗುವ ಪ್ಲಾಸ್ಟಿಕ್ ಆನೆಯ ಒಳಗು ಟೊಳ್ಳು. ಎರಡು ಅಚ್ಚು ಕೂಡಿದ ಗೆರೆ ಹೊಟ್ಟೆಯುದ್ದಕ್ಕೂ ಬೆರಳಿಗೆ ತಗಲುತ್ತದೆ.

ಮಕ್ಕಳು ದೊಡ್ಡವರಾದ ಮೇಲೆ ಈ ಆನೆಗೆ ಉಳಿದದ್ದು ಎರಡೇ ದಾರಿ. ಮೊದಲನೆಯದು ನಂಟಿನದು: ತಂಗಿಯ ಮಗುವಿಗೆ, ಬಾಡಿಗೆ ಮನೆಯವರ ಮಗುವಿಗೆ, ಮನೆಗೆಲಸದಾಕೆಯ ಮಕ್ಕಳಿಗೆ. ಕೊಡುವುದು ಸಲೀಸು, ಆದರೆ ಗುರುತಿಲ್ಲದವರ ಮಕ್ಕಳು ಆಡಿ ಬಿಟ್ಟದ್ದನ್ನು ದುಡ್ಡು ಕೊಟ್ಟು ತರುವುದು ಮರ್ಯಾದೆಯ ಪ್ರಶ್ನೆ. ಎರಡನೆಯದು ಗುಜರಿ. ಅಲ್ಲಿ ಆಟಿಕೆಯ ರೂಪಕ್ಕೆ ಬೆಲೆಯಿಲ್ಲ, ಪ್ಲಾಸ್ಟಿಕ್‌ನ ಜಾತಿಗೆ ಬೆಲೆ. ಗಟ್ಟಿ ಪ್ಲಾಸ್ಟಿಕ್ ಒಂದು ಚೀಲಕ್ಕೆ, ಮೆದುವಾದದ್ದು ಇನ್ನೊಂದಕ್ಕೆ. ಚಕ್ರದ ಕಬ್ಬಿಣದ ಕಡ್ಡಿಯನ್ನು ಕಿತ್ತು ಬೇರೆ ಹಾಕಬೇಕು. ಒತ್ತಿದರೆ ಪೀಂ ಎನ್ನುವ ಪಿವಿಸಿ ನಾಯಿಮರಿ ಬೇರೆ ಪ್ಲಾಸ್ಟಿಕ್ ಜೊತೆ ಸೇರಿದರೆ ಕರಗಿಸುವಾಗ ಮಾಲೇ ಕೆಡುತ್ತದೆ, ಹಾಗಾಗಿ ಅದು ಯಾರಿಗೂ ಬೇಡ. ತಕ್ಕಡಿಯ ಮೇಲೆ ಆನೆಗೂ ಒಡೆದ ಬಕೆಟ್ಟಿಗೂ ಒಂದೇ ದರ. ಊರು ಶುಚಿಯಾಗಿರಲು ಈ ವಿಂಗಡಣೆ ದೊಡ್ಡ ಉಪಕಾರ ಮಾಡಿದೆ, ಆದರೆ ಆಟಿಕೆಯ ಚರಿತ್ರೆಯನ್ನೂ ಅದೇ ಅಳಿಸಿದೆ.

ದಸರೆಯ ಗೊಂಬೆ ಕೂರಿಸುವುದು ಸಂಗ್ರಹವಲ್ಲವೇ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಮೆಟ್ಟಿಲುಗಳ ಕೆಳಗೆ ಮಾಡುವ ಕಾಡಿನಲ್ಲಿ, ಮೃಗಾಲಯದಲ್ಲಿ ಪ್ಲಾಸ್ಟಿಕ್ ಹುಲಿ, ಜಿಂಕೆಗಳಿಗೆ ಖಾಯಂ ಜಾಗವಿದೆ. ಹಬ್ಬ ಮುಗಿದ ಮೇಲೆ ಅವನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುತ್ತಾರೆ, ತಲೆಮಾರು ದಾಟಿಸುತ್ತಾರೆ. ಆದರೆ ಮೈಸೂರು ಸೀಮೆಯಲ್ಲಿ ಬೇರು ಬಿಟ್ಟಷ್ಟು ಈ ಪದ್ಧತಿ ಮಧ್ಯ ಕರ್ನಾಟಕದಲ್ಲಿ ಬಿಡಲಿಲ್ಲ. ಇಲ್ಲಿ ದಸರೆ ಎಂದರೆ ಹೆಚ್ಚಿನವರಿಗೆ ಬನ್ನಿ. ಗೊಂಬೆ ಕೂರಿಸುವ ಮನೆಗಳಲ್ಲೂ ಪೆಟ್ಟಿಗೆ ಮನೆತನದ್ದು, ಹೊರಗಿನವರಿಗೆ ಅದು ನೋಡಲು ಮಾತ್ರ. ಆದರೂ ಈ ಆಕ್ಷೇಪ ನನ್ನ ವಾದವನ್ನೇ ಬಲಪಡಿಸುತ್ತದೆ: ಇಡಲು ಒಂದು ಮೆಟ್ಟಿಲಿದ್ದ ಕಡೆ ಪ್ಲಾಸ್ಟಿಕ್ ಹುಲಿಯೂ ಉಳಿದಿದೆ.

ಈಗ ಎರಡು ಬದಲಾವಣೆಗಳಾಗಿವೆ. ಬಿನಾಕಾ ಪ್ರಾಣಿಗಳನ್ನು ಆನ್‌ಲೈನಿನಲ್ಲಿ ಬಿಡಿಬಿಡಿಯಾಗಿ ಕೊಂಡು ಮಾರುವವರು ಹುಟ್ಟಿಕೊಂಡಿದ್ದಾರೆ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದ ಅಭಿಯಾನವೊಂದರಡಿ ದೇಶದ ನಗರಗಳಲ್ಲಿ ಹಳೆಯ ಬಟ್ಟೆ, ಪುಸ್ತಕ, ಆಟಿಕೆ ಪಡೆಯುವ ಆರ್‌ಆರ್‌ಆರ್ (ರಿಡ್ಯೂಸ್, ರೀಯೂಸ್, ರೀಸೈಕಲ್) ಕೇಂದ್ರಗಳು ತೆರೆದವು. ದತ್ತಿ ಅಂಗಡಿಗೆ ನಮ್ಮಲ್ಲಿ ತೀರ ಹತ್ತಿರ ಬರುವುದು ಇದೇ. ಇಂಥ ಕೇಂದ್ರ ಆಟಿಕೆಗಳನ್ನು ಮೂಟೆಯಲ್ಲಿ ಕಟ್ಟಿ ಸಾಗಹಾಕಿದರೆ ಅದೂ ಇನ್ನೊಂದು ಗುಜರಿಯೇ. ಹಲಗೆಯ ಮೇಲೆ ಒಂದೊಂದಾಗಿ ಜೋಡಿಸಿ, ಐದೋ ಹತ್ತೋ ರೂಪಾಯಿಗೆ ಯಾರು ಬೇಕಾದರೂ ಕೊಳ್ಳಬಹುದು ಎಂದಾದರೆ, ಈ ಊರುಗಳ ಮಕ್ಕಳು ಅರವತ್ತು ವರ್ಷ ಏನು ಹಿಡಿದು ಆಡಿದರು ಎಂಬುದಕ್ಕೆ ಅಳಿದುಳಿದ ಪುರಾವೆಯಾದರೂ ಕೈಗೆ ಸಿಗುತ್ತದೆ.