ಪ್ಯಾರಾಸಿಟಮಾಲ್ ಜಾಸ್ತಿಯಾದ್ರೆ ಲಿವರ್ ಯಾಕೆ ಕೆಡುತ್ತೆ? ಉಪವಾಸ ಇದ್ದವರಿಗೆ ಅಪಾಯ ಯಾಕೆ ಹೆಚ್ಚು?

ಡೋಲೊ, ಕ್ಯಾಲ್‌ಪಾಲ್, ಕ್ರೋಸಿನ್ ಹೆಸರು ಬೇರೆ ಬೇರೆ. ಒಳಗಿರೋ ಔಷಧ ಒಂದೇ, ಪ್ಯಾರಾಸಿಟಮಾಲ್. ಲೆಕ್ಕದಲ್ಲಿ ತಗೊಂಡರೆ ಒಳ್ಳೆ ಮಾತ್ರೆ. ಲೆಕ್ಕ ತಪ್ಪಿದರೆ ಲಿವರ್‌ಗೆ ನೇರ ಏಟು. ಅಮೆರಿಕದಲ್ಲಿ ಲಿವರ್ ದಿಢೀರ್ ಕೈಕೊಡುವ ಪ್ರಕರಣಗಳಿಗೆ ದೊಡ್ಡ ಕಾರಣ ಇದೇ ಮಾತ್ರೆ.

ನುಂಗಿದ ಔಷಧದ ಬಹುಪಾಲನ್ನು ಲಿವರ್ ಬದಲಾಯಿಸಿ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಸ್ವಲ್ಪ ಭಾಗ ಮಾತ್ರ ಎನ್‌ಎಪಿಕ್ಯುಐ ಎಂಬ ವಿಷವಾಗುತ್ತದೆ. ಅದನ್ನು ಹಿಡಿದು ನಿರುಪದ್ರವಿ ಮಾಡೋದು ಲಿವರ್‌ನಲ್ಲೇ ಇರುವ ಗ್ಲುಟಾಥಯೋನ್. ಮಾತ್ರೆ ಮೇಲೆ ಮಾತ್ರೆ ಬಿದ್ದರೆ ಆ ದಾಸ್ತಾನು ಖಾಲಿ. ಆಗ ವಿಷ ಜೀವಕೋಶದ ಪ್ರೋಟೀನ್‌ಗಳಿಗೆ ಅಂಟಿಕೊಳ್ಳುತ್ತದೆ. ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯದ ಪ್ರೋಟೀನ್‌ಗಳಿಗೆ ಅಂಟಿದಾಗಲೇ ಹೆಚ್ಚು ಹಾನಿ. ಶಕ್ತಿ ನಿಂತು ಜೀವಕೋಶ ಸಾಯುತ್ತದೆ.

ಉಪವಾಸದ ವಿಷಯಕ್ಕೆ ಬರೋಣ. ಈ ಪ್ರೋಟೀನ್‌ಗಳ ಮೇಲೆ ಕೆಲವು ಕಡೆ ಅಸಿಟೈಲ್ ಎಂಬ ಸಣ್ಣ ಮುಚ್ಚಳ ಇರುತ್ತದೆ. ಸರ್ಟ್-3 ಎಂಬ ಇನ್ನೊಂದು ಪ್ರೋಟೀನ್ ಅದನ್ನು ತೆಗೆಯುತ್ತದೆ. 2011ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನವೊಂದರಲ್ಲಿ, ಸರ್ಟ್-3 ಇಲ್ಲದ ಇಲಿಗಳನ್ನು ಉಪವಾಸ ಕೆಡವಿ ಔಷಧ ಕೊಟ್ಟರೂ ಲಿವರ್ ಅಷ್ಟಾಗಿ ಕೆಡಲಿಲ್ಲ. ಮಾಮೂಲಿ ಇಲಿಗಳ ಲಿವರ್ ಕೆಟ್ಟಿತು. ಮುಚ್ಚಳ ತೆಗೆದ ಜಾಗದಲ್ಲೇ ವಿಷ ಅಂಟುತ್ತಿತ್ತು. ಅಂಟಿದ್ದು ಎಎಲ್‌ಡಿಎಚ್-2 ಎಂಬ ಪ್ರೋಟೀನ್‌ಗೆ. ಕುಡಿದ ಮದ್ಯದಿಂದ ಹುಟ್ಟುವ ವಿಷವನ್ನು ಕರಗಿಸೋದೂ ಇದೇ ಪ್ರೋಟೀನ್!

ಇದು ಇಲಿ ಲೆಕ್ಕ, ಮನುಷ್ಯರಿಗೆ ಹಾಗೇ ಹೇಳೋಕಾಗಲ್ಲ. ಆದರೆ ಊಟ ಬಿಟ್ಟವರಲ್ಲಿ, ದಿನಾ ಕುಡಿಯೋರಲ್ಲಿ ಗ್ಲುಟಾಥಯೋನ್ ಕಡಿಮೆ ಇರುತ್ತೆ ಅನ್ನೋದು ಮೊದಲಿನಿಂದಲೂ ಗೊತ್ತಿರೋ ಸಂಗತಿ. ಒಂದು ಹೊತ್ತು ಊಟ ತಪ್ಪಿಸಿ ಒಂದು ಮಾತ್ರೆ ನುಂಗಿದವರು ಹೆದರಬೇಕಿಲ್ಲ. ನಾಲ್ಕು ದಿನ ಜ್ವರ, ಗಂಜಿಯೂ ಇಳಿಯಲ್ಲ, ಮಾತ್ರೆ ಮಾತ್ರ ನಡೀತಿದೆ ಅನ್ನೋರು ಎಚ್ಚರ.

ಆರೋಗ್ಯವಂತ ದೊಡ್ಡವರಿಗೆ 24 ಗಂಟೆಗೆ ಮಿತಿ 4 ಗ್ರಾಂ. 650ರ ಮಾತ್ರೆ ಆರು ಅಂದ್ರೆ 3,900 ಮಿಲಿಗ್ರಾಂ, ಅಲ್ಲಿಗೆ ಮುಗೀತು. ತೂಕ ಕಡಿಮೆ ಇರೋರು, ಕುಡಿಯೋರು, ಲಿವರ್ ತೊಂದರೆ ಇರೋರಿಗೆ ಇನ್ನೂ ಕಡಿಮೆ, ಅದನ್ನು ಡಾಕ್ಟರೇ ಹೇಳಬೇಕು. ನೆಗಡಿ ಮಾತ್ರೆ, ಸೊಂಟನೋವಿನ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಸೇರಿರೋದು ಮಾಮೂಲು. ಎರಡೂ ಒಟ್ಟಿಗೆ ತಗೊಂಡ್ರೆ ಲೆಕ್ಕ ಡಬಲ್. ಅಂಗಡಿಯವರು ಸ್ಟ್ರಿಪ್ ಕತ್ತರಿಸಿ ಎರಡು ಮಾತ್ರೆ ಕೊಡುವಾಗ ಹೆಸರಿರೋ ಭಾಗ ಹೋಗಿಬಿಡುತ್ತೆ. ಗಿರಾಕಿಗೆ ಏನು ಗೊತ್ತಾಗಬೇಕು? ಬಾಯಲ್ಲಾದರೂ ಹೇಳಿ ಕೊಡಿ.

ಮಿತಿ ಮೀರಿದ ಮೊದಲ ದಿನ ಬರೀ ವಾಕರಿಕೆ, ಕೆಲವರಿಗೆ ಅದೂ ಇಲ್ಲ. ಬಲಪಕ್ಕೆಯ ನೋವು, ಕಾಮಾಲೆ ಕಾಣೋದು ಆಮೇಲೆ. ಕಣ್ಣು ಹಳದಿ ಆಗಲಿ ಅಂತ ಕಾಯಬೇಡಿ. ಗ್ಲುಟಾಥಯೋನ್ ಮತ್ತೆ ತುಂಬಿಸುವ ಔಷಧ ಎನ್-ಅಸಿಟೈಲ್‌ಸಿಸ್ಟೀನ್. ಎಂಟು ಗಂಟೆಯೊಳಗೆ ಶುರುವಾದರೆ ಲಿವರ್ ಬಹುತೇಕ ಉಳಿಯುತ್ತದೆ. ತಡವಾದರೂ ಕೊಡುತ್ತಾರೆ. ಆಸ್ಪತ್ರೆಗೆ ಹೋಗುವಾಗ ಖಾಲಿ ಸ್ಟ್ರಿಪ್ ತಗೊಂಡು ಹೋಗಿ, ಎಷ್ಟು ಹೊತ್ತಿಗೆ ಎಷ್ಟು ನುಂಗಿದ್ದು ಅಂತ ಡಾಕ್ಟರಿಗೆ ಹೇಳಿ.