ಮಡಗಾಂವಿನಲ್ಲಿ ಇಳಿದಾಗ

1999ರ ಬೇಸಗೆಯಲ್ಲಿ ಕಾಸರಗೋಡಿನಿಂದ ಹೊರಟು ಮಡಗಾಂವಿನಲ್ಲಿ ಇಳಿದಾಗ ಮೊದಲು ಕಿವಿಗೆ ಬಿದ್ದದ್ದು ಕೊಂಕಣಿಯಲ್ಲ, ಬಿಜಾಪುರದ ಕನ್ನಡ. ರೋಹಾದಿಂದ ತೋಕೂರಿನವರೆಗಿನ 741 ಕಿ.ಮೀ. ಕೊಂಕಣ ರೈಲುಮಾರ್ಗ ಪೂರ್ತಿ ತೆರೆದು ವರ್ಷ ಕಳೆದಿತ್ತಷ್ಟೆ. ಅದರ ನಿಗಮ ಹುಟ್ಟಿದ 1990ರಲ್ಲೇ ವಿಶ್ವಸಂಸ್ಥೆಯ ಮೊದಲ ಮಾನವಾಭಿವೃದ್ಧಿ ವರದಿಯೂ ಬಂದು, ಏಳಿಗೆಯನ್ನು ವರಮಾನದಿಂದ ಮಾತ್ರವಲ್ಲ, ಆಯುಸ್ಸು, ಅಕ್ಷರಗಳಿಂದಲೂ ಅಳೆಯಬೇಕೆಂದಿತು. ಗೋವೆಯವರು ಕೇಳಿದ್ದು ಬೇರೆ: ಒಡ್ಡು ಕಟ್ಟಿ ಉಪ್ಪುನೀರು ತಡೆದು ಉಳಿಸಿಕೊಂಡ ಖಾಜನ್ ಗದ್ದೆಗಳ ಗತಿಯೇನು? 2000ದ 8 ಗುರಿಗಳು 2015ರಲ್ಲಿ 17 ಆದವು. ಯಾರನ್ನೂ ಹಿಂದೆ ಬಿಡಬಾರದೆಂಬ ಮಾತೂ ಸೇರಿತು. ಒಳ್ಳೆಯದೇ.

ಅಂದು ನಿಲ್ದಾಣದ ಹೊರಗೆ ಕಲ್ಲು ಹೊರುತ್ತಿದ್ದ ತಾಯಿಯೊಬ್ಬರನ್ನು ಕೇಳಿದ್ದೆ, "ಮಕ್ಕಳು ಶಾಲೆಗೆ ಹೋಗುತ್ತಾರೇನವ್ವಾ?"

"ಕನ್ನಡ ಸಾಲಿ ದೂರ ಐತ್ರೀ ಯಣ್ಣಾ. ರೇಷನ್ ಕಾರ್ಡ ಊರಾಗೈತಿ."

1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನವನಾದ ನನಗೆ ಆ ಉತ್ತರದ ಮೊದಲರ್ಧ ಹೊಸದಾಗಿರಲಿಲ್ಲ.